ಸೀಳುವ ದಾರ ಹುಡುಕಿದ್ದು

ಶಿರ್ವದಲ್ಲಿ ಒಂದು ದೊಡ್ಡ ಮನೆಯ ಹಿಂಬದಿಯ ಕೋಣೆಯಲ್ಲಿ ನಾವು ಹುಳು ಕಟ್ಟುತ್ತಿದ್ದೆವು. ನಿಜವಾದ ಹುಳುವಲ್ಲ. ಗಾಳದ ಸಣ್ಣ ಕೊಕ್ಕೆಯ ಮೇಲೆ ದಾರ, ಗರಿ, ಮೊಲದ ತುಪ್ಪಳ ಸುತ್ತಿ ಮಾಡುವ ನಕಲಿ ಹುಳು. ಚಳಿ ದೇಶಗಳ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ಹಿಡಿಯುವವರು ಇದನ್ನು ನೀರಿಗೆ ಎಸೆಯುತ್ತಾರೆ. ಮೀನು ತಿನ್ನುವ ಹುಳುವೆಂದೇ ನಂಬಿ ನುಂಗಲು ಬರುತ್ತದೆ. ಅಂಥ ಹೊಳೆಯನ್ನಾಗಲಿ, ಆ ಮೀನನ್ನಾಗಲಿ ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಮನೆಯ ಒಡತಿಯನ್ನು ಬಾಯಮ್ಮ ಎಂದು ಕರೆಯುತ್ತಿದ್ದೆವು. ಅವರ ಗಂಡ ಮಸ್ಕತ್‌ನಲ್ಲಿ ತಮ್ಮ ಕಂಪನಿಯ ಒಬ್ಬ ಅಧಿಕಾರಿಯಿಂದ ಈ ಕೆಲಸ ಕಲಿತು, ರಜೆಯಲ್ಲಿ ಬಂದಾಗ ಹೆಂಡತಿಗೆ ಕಲಿಸಿದ್ದರು. ಅದೇ ಅಧಿಕಾರಿಯ ಪರಿಚಯದಿಂದ ಸ್ಕಾಟ್ಲೆಂಡಿನ ಒಂದು ಅಂಗಡಿ ಬಾಯಮ್ಮನಿಂದ ಹುಳು ತರಿಸಿಕೊಳ್ಳುತ್ತಿತ್ತು. ಕಟ್ಟುವವರು ಬಾಯಮ್ಮನಲ್ಲದೆ ನಾವು ಮೂವರು. ಒಬ್ಬರು ಕಾಪುವಿನಿಂದ ಬರುತ್ತಿದ್ದ ಅಕ್ಕ. ಸಣ್ಣಂದಿನಿಂದ ಮಲ್ಲಿಗೆ ಕಟ್ಟಿದ ಕೈ. ಇನ್ನೊಬ್ಬಳು ಗದಗದವಳು, ಗಂಡ ಸೆಂಟ್ರಿಂಗ್ ಕೆಲಸಕ್ಕೆ ಈ ಕಡೆ ಬಂದಾಗ ಜೊತೆಗೆ ಬಂದು, ಮೊದಲು ಮಲ್ಲಿಗೆ ಕಟ್ಟಿ ಮಾರುವ ಹೂವಿನ ಕಟ್ಟೆಯಲ್ಲಿ ಕೆಲಸ ಮಾಡಿ, ಆಮೇಲೆ ಇಲ್ಲಿಗೆ ಸೇರಿದ್ದಳು. ಅವಳಿಗೆ ತುಳು ಬಾರದ ಕಾರಣ ಕೋಣೆಯಲ್ಲಿ ಎಲ್ಲರೂ ಕನ್ನಡವನ್ನೇ ಮಾತಾಡುತ್ತಿದ್ದೆವು. ಮೂರನೆಯವಳು ನಾನು.

ನಾನು ಅದಕ್ಕೆ ಮೊದಲು ಉಡುಪಿಯ ಒಂದು ಸಣ್ಣ ಪತ್ರಿಕೆಯಲ್ಲಿ, ಬೇರೆಯವರು ಬರೆದ ವರದಿ ತಿದ್ದುತ್ತಿದ್ದೆ. ಆ ಪತ್ರಿಕೆ ಈಗ ಇಲ್ಲ. ಅದು ನಿಂತ ಮೇಲೆ ನನ್ನ ಪ್ರಾಯದ ಹೆಂಗಸಿಗೆ ಆ ಕೆಲಸ ಪುನಃ ಎಲ್ಲೂ ಸಿಗಲಿಲ್ಲ. ಮದುವೆಯಾಗಿಲ್ಲ. ಪರ್ಕಳದಲ್ಲಿ ಒಂದು ಬಾಡಿಗೆ ಕೋಣೆ, ಅದರ ಬೀಗದ ಕೈ ನನ್ನ ಚೀಲದಲ್ಲಿ. ಬೊಂಬಾಯಿಯಲ್ಲಿರುವ ಅಣ್ಣ ಪ್ರತಿ ವಾರ ಫೋನ್ ಮಾಡಿ ಒಂದೇ ಮಾತು ಹೇಳುತ್ತಿದ್ದ: "ಬಂದುಬಿಡು ಮಾರಾಯ್ತಿ. ಅಲ್ಲಿ ಒಬ್ಬಳೇ ಎಂತ ಮಾಡ್ತಿ? ಇಲ್ಲಿ ಅತ್ತಿಗೆಗೂ ಒಂದು ಕೈ ಆಗ್ತದೆ." ಅವನದು ಒಳ್ಳೆಯ ಮನಸ್ಸು. ಆದರೆ ಆ "ಒಂದು ಕೈ" ಎಂದರೆ ಏನೆಂದು ನನಗೆ ಗೊತ್ತಿತ್ತು. ನಮ್ಮ ಚಿಕ್ಕಮ್ಮ ಒಬ್ಬರು ಹಾಗೆಯೇ ಅಣ್ಣನ ಮನೆಗೆ ಹೋಗಿ, ಅಡಿಗೆಮನೆಯ ಬಾಗಿಲ ಬದಿಯಲ್ಲಿ ಚಾಪೆ ಹಾಕಿಕೊಂಡು ಬದುಕು ಮುಗಿಸಿದ್ದನ್ನು ನಾನು ನೋಡಿದ್ದೇನೆ. ಯಾರೂ ಅವರನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಅವರಿಗೆ ಒಂದು ಬಾಗಿಲು ಇರಲಿಲ್ಲ, ಅಷ್ಟೇ. ಶಿರ್ವದ ಕೆಲಸ ಇರುವ ತನಕ ನನ್ನ ಬಾಗಿಲು ನನ್ನದು. ಅದು ಹೋದರೆ ಬೊಂಬಾಯಿ.

ಕೆಲಸಕ್ಕೆ ಕುತ್ತು ಬಂದದ್ದು ದಾರದಿಂದ.

ಹುಳುವಿನ ಮೈ ಕೂದಲು ಕೂದಲಾಗಿ ಕಾಣಬೇಕು. ದೊಡ್ಡ ಕೊಕ್ಕೆಯಾದರೆ ದಾರವನ್ನು ಮಡಚಿ ಕುಣಿಕೆ ಮಾಡಿ, ಅದರ ನಡುವೆ ತುಪ್ಪಳ ಇಟ್ಟು ಹುರಿ ಹಾಕಿ ಸುತ್ತಬಹುದು. ಅಕ್ಕಿಕಾಳಿಗಿಂತ ಸಣ್ಣ ಕೊಕ್ಕೆಯಲ್ಲಿ ಹಾಗೆ ಮಾಡಿದರೆ ಎರಡು ಪದರ ದಾರದ ದಪ್ಪಕ್ಕೇ ಮೈ ಉಬ್ಬುತ್ತದೆ. ಅಲ್ಲಿ ಒಂದೇ ದಾರವನ್ನು ಸೀಳಬೇಕು. ದಾರದ ಉಂಡೆಯನ್ನು ಕೊಕ್ಕೆಯಿಂದ ತೂಗಬಿಟ್ಟು ಹುರಿಯ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಹುರಿ ಬಿಚ್ಚಿ ದಾರ ರಿಬ್ಬನ್ನಿನ ಹಾಗೆ ಚಪ್ಪಟೆಯಾಗುತ್ತದೆ. ಆಗ ನಡುವೆ ಸೂಜಿ ತೂರಿಸಿ ಎರಡು ಭಾಗ ಮಾಡಿ, ಆ ಸೀಳಿನಲ್ಲಿ ಚಿಟಿಕೆ ತುಪ್ಪಳ ಹರಡಿ, ಪುನಃ ಸರಿ ದಿಕ್ಕಿಗೆ ತಿರುಗಿಸಬೇಕು. ದಾರ ತುಪ್ಪಳವನ್ನು ಕಚ್ಚಿಕೊಂಡು ಸಣ್ಣ ಬ್ರಷ್ಷಿನಂತಾಗುತ್ತದೆ. ಅದನ್ನು ಸುತ್ತಿದರೆ ಮೈ.

ಇದಕ್ಕೆ ಎಲ್ಲ ದಾರವೂ ಆಗುವುದಿಲ್ಲ. ಉದ್ದುದ್ದ ನುಣ್ಣನೆಯ ಎಳೆಗಳು ಒಂದಕ್ಕೊಂದು ಅಂಟದೆ ಬದಿಬದಿಯಲ್ಲಿ ಮಲಗಿರಬೇಕು. ಅಂಥ ದಾರವನ್ನು ಅಂಗಡಿಯವರೇ ಕಳಿಸುತ್ತಿದ್ದರು. ಆ ಬೇಸಿಗೆಯಲ್ಲಿ ಬಂದ ಉಂಡೆಗಳು ನೋಡಲು ಹಳೆಯದರಂತೆಯೇ ಇದ್ದವು, ಆದರೆ ಎಳೆಗಳನ್ನು ಅಂಟು ಹಾಕಿ ಕೂಡಿಸಿದ್ದರು. ಸೂಜಿ ಬದಿಗೆ ಜಾರುತ್ತಿತ್ತು. ಬಾಯಮ್ಮ ತಿಳಿಸಿದ್ದಕ್ಕೆ ಉತ್ತರ ಬಂತು: ಹಳೆಯ ದಾರ ಇನ್ನು ಬರುವುದಿಲ್ಲ, ನಿಮ್ಮಲ್ಲೇ ಸಿಗುವುದನ್ನು ಹುಡುಕಿ, ತಿಂಗಳ ಕೊನೆಯೊಳಗೆ ಅದರಲ್ಲಿ ಕಟ್ಟಿದ ಮಾದರಿ ಕಳಿಸಿ, ಆಗದಿದ್ದರೆ ಬೇರೆ ಕಡೆ ಕೊಡುತ್ತೇವೆ. ಭಾಷೆ ತುಂಬಾ ಸೌಜನ್ಯದ್ದು. ನಾನು ಓದಿ ಹೇಳಿದಾಗ ಬಾಯಮ್ಮ, "ಇದು ಬಯ್ದದ್ದಾ, ಅಲ್ಲ ಬೇಡಿದ್ದಾ?" ಎಂದು ಕೇಳಿದರು. "ಎರಡೂ ಅಲ್ಲ, ಬಾಗಿಲು ಮುಚ್ಚುವ ಮೊದಲು ಹೇಳಿದ್ದು" ಎಂದೆ.

ಊರೂರು ತಿರುಗುವ ಕೆಲಸ ನನಗೆ ಬಂತು. "ಪೇಪರ್ ಅಕ್ಕಾರ ಹೋಗ್ಲಿ. ಅವ್ರಿಗೆ ಮಂದಿನ ಕೇಳಿ ಕೇಳಿ ರೂಢಿ ಐತಿ" ಎಂದು ಗದಗದವಳು ಅಂದದ್ದನ್ನು ಎಲ್ಲರೂ ಒಪ್ಪಿದರು.

ಮೊದಲು ಹೋದದ್ದು ಕಾಪುವಿಗೆ. ಅಕ್ಕನ ಭಾವ ಕಡಲ ಬದಿಯಲ್ಲಿ ಬಲೆ ಸರಿಮಾಡುತ್ತಿದ್ದರು. ನಾನು ಹುಳುವನ್ನು ಅಂಗೈಯಲ್ಲಿಟ್ಟು ತೋರಿಸಿ ದಾರದ ವಿಷಯ ಹೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿ ನೋಡಿದರು. "ಇದನ್ನು ನೋಡಿ ಮೀನು ಬರ್ತದಾ?"

"ಬರ್ತದಂತೆ."

"ಅಷ್ಟು ಪೊಟ್ಟು, ಬುದ್ಧಿ ಇಲ್ಲದ ಮೀನು ನಮ್ಮ ಸಮುದ್ರದಲ್ಲಿ ಇಲ್ಲ ಅಕ್ಕ. ಇದ್ದಿದ್ದರೆ ನಾವು ಬೋಟಿಗೆ ಡೀಸೆಲ್ ಯಾಕೆ ಹಾಕುವುದು?" ಎಂದು ನಕ್ಕು, ಬಲೆಯ ನೈಲಾನ್ ಕೊಟ್ಟರು. ಒಂದು ಜಾತಿಯದು ಒಂದೇ ಎಳೆ, ಸೀಳುವ ಮಾತೇ ಇಲ್ಲ. ಇನ್ನೊಂದು ಹಗ್ಗದಂತೆ ಬಿಗಿಯಾಗಿ ಹೊಸೆದದ್ದು.

ಪರ್ಕಳದಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಹುಡುಗಿ ಮಣಿಪಾಲದಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ಗಾಯ ಹೊಲಿಯಲು ಕಲಿಯುವಾಗ ಉಳಿದ ರೇಷ್ಮೆ ದಾರದ ತುಂಡುಗಳನ್ನು ಅವಳು ತಂದುಕೊಟ್ಟಳು. ಅದು ಜಡೆಯಂತೆ ಹೆಣೆದು ಮೇಣ ಸವರಿದ್ದು. ಸೂಜಿಯ ತುದಿ ಮುರಿಯಿತೇ ಹೊರತು ದಾರ ಬಿಡಲಿಲ್ಲ. "ಹೊಟ್ಟೆ ಹೊಲಿಯುವ ದಾರ ಸೀಳಿಕೊಂಡರೆ ಮನುಷ್ಯರ ಗತಿ ಎಂತ ಅಕ್ಕ?" ಎಂದು ಅವಳು ಕೇಳಿದ್ದು ಸರಿಯೇ.

ಉಡುಪಿಯ ಅಂಗಡಿಗಳಲ್ಲಿ ನನ್ನನ್ನು ವಿಚಿತ್ರವಾಗಿ ನೋಡಿದರು. ಎಲ್ಲ ಅಂಗಡಿಯವರೂ ತಮ್ಮ ದಾರ ಬಿಚ್ಚುವುದಿಲ್ಲ, ಸೀಳುವುದಿಲ್ಲ ಎಂದು ಆಣೆ ಹಾಕುವವರು. ಬಿಚ್ಚುವ ದಾರ ಕೊಡಿ ಎಂದು ಕೇಳಿದ ಗಿರಾಕಿ ಬಹುಶಃ ನಾನೊಬ್ಬಳೇ. ಹೊಲಿಗೆಯ ಸಾಮಾನ್ಯ ದಾರ ತುಂಡು ನಾರುಗಳಿಂದ ನೂತದ್ದು, ಹುರಿ ಬಿಚ್ಚಿದ ಕೂಡಲೇ ಹತ್ತಿಯಂತೆ ಕಳಚಿ ಬೀಳುತ್ತಿತ್ತು. ಕೊನೆಗೆ ಕಡಿಯಾಳಿಯ ಹತ್ತಿರ ರವಿಕೆ ಕಸೂತಿಯ ಸಾಮಾನು ಮಾರುವ ಅಂಗಡಿಯಲ್ಲಿ, ಆರಿ ಕೆಲಸಕ್ಕೆ ಬಳಸುವ ಹೊಳೆಯುವ ದಾರ ಸಿಕ್ಕಿತು. ರೇಷ್ಮೆ ಎಂದು ಹೆಸರು. ರೇಷ್ಮೆಯಲ್ಲ, ಮರದ ತಿರುಳಿನಿಂದ ಮಾಡುವ ರೇಯಾನ್. ಅಲ್ಲೇ ಗಲ್ಲಾದ ಬದಿಯಲ್ಲಿ ನಿಂತು ಹುರಿ ಬಿಚ್ಚಿ ಸೂಜಿ ತೂರಿಸಿದೆ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು.

ಬಾಯಮ್ಮ ಉಂಡೆಯನ್ನು ಹಣೆಗೆ ಒತ್ತಿಕೊಂಡು ಶಿಲುಬೆ ಗುರುತು ಮಾಡಿದರು.

ಮರುದಿನವೇ ತೊಂದರೆ. ನನ್ನ ಕೈಯಲ್ಲಿ ಸರಿಯಾಗಿ ಬರುತ್ತಿದ್ದ ದಾರ ಅಕ್ಕನ ಮತ್ತು ಗದಗದವಳ ಕೈಯಲ್ಲಿ ತುಂಡಾಗುತ್ತಿತ್ತು. ತುಪ್ಪಳ ಇಟ್ಟು ತಿರುಗಿಸುವಾಗಲೇ ಟಕ್ಕೆಂದು ಹೋಗಿ ಉಂಡೆ ನೆಲಕ್ಕೆ ಬೀಳುತ್ತಿತ್ತು.

"ನಿಂದು ಕೈಯಾ, ಕತ್ತಿಯಾ?" ಎಂದು ಅಕ್ಕ ಗದಗದವಳನ್ನು ಕೆಣಕಿದರು.

"ನಂದ್ ಬಿಡ್ರಿ. ನಿಮ್ದು ಮಲ್ಲಿಗಿ ಕೈ ಅಂತೀರಿ, ನಿಮ್ದೂ ಹರೀತಲ್ಲ?"

ಇಬ್ಬರ ಮುಂದೆಯೂ ನೀರಿನ ಬಟ್ಟಲು ಇತ್ತು. ನಮ್ಮ ಕಡೆ ಮಲ್ಲಿಗೆ ಕಟ್ಟುವುದು ಬಾಳೆಯ ನಾರಿನಲ್ಲಿ. ಒಣ ನಾರು ಸಿಡಿಯುತ್ತದೆ. ಒದ್ದೆಯಾದರೆ ಬಾಗುತ್ತದೆ, ಗಟ್ಟಿಯಾಗುತ್ತದೆ. ಹಾಗಾಗಿ ಬೆರಳು ಅದ್ದದೆ ಇವರಿಬ್ಬರೂ ಯಾವ ದಾರವನ್ನೂ ಮುಟ್ಟುವವರಲ್ಲ. ಅಂಗಡಿಯಿಂದ ಬರುತ್ತಿದ್ದ ಹಳೆಯ ದಾರಕ್ಕೆ ನೀರು ತಾಗಿದರೂ ಏನೂ ಆಗುತ್ತಿರಲಿಲ್ಲ. ನಾನು ಹೂ ಕಟ್ಟಿದವಳಲ್ಲ, ನನ್ನ ಬೆರಳು ಒಣ. ಬಾಯಮ್ಮ ಸ್ವಲ್ಪ ಹೊತ್ತು ಮೂವರ ಕೈಯನ್ನೂ ನೋಡಿ, ಎದ್ದು ಬಟ್ಟಲುಗಳನ್ನು ಒಳಗೆ ಒಯ್ದರು. "ಇನ್ನು ಎಲ್ಲರೂ ಒಣ ಕೈಯಲ್ಲಿ ಕಟ್ಟುವುದು." ದಾರ ತುಂಡಾಗುವುದು ನಿಂತಿತು. ನಾವೆಲ್ಲ ಅಲ್ಲಿಗೇ ವಿಷಯ ಮುಗಿಯಿತೆಂದುಕೊಂಡೆವು. ನೀರು ಬಿದ್ದರೆ ಈ ದಾರ ಹೋಗುತ್ತದೆ ಎಂಬುದು ಕಣ್ಣೆದುರು ನಡೆದಿತ್ತು. ಈ ಹುಳು ನೀರಿಗೇ ಹೋಗುವುದು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಎರಡನ್ನೂ ಬದಿಬದಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಮಾದರಿಯ ಹುಳುಗಳೆಲ್ಲ ಕಟ್ಟಿಯಾಯಿತು. ದಾರದ ಕೊನೆ ಬಿಚ್ಚದ ಹಾಗೆ ಹುಳುವಿನ ತಲೆಗೆ ವಾರ್ನಿಷ್ ಹಾಕಿ ಒಣಗಿಸಿ, ಬಿಳಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಸಾಲಾಗಿ ಇಟ್ಟೆವು. ಪ್ಯಾಕ್ ಮಾಡಲು ಡಬ್ಬಿ ತರಲೆಂದು ಬಾಯಮ್ಮ ಒಳಗೆ ಹೋದರು. ಗದಗದವಳು ಮೊದಲ ಬಾರಿಗೆ ತನ್ನ ಊರಿನ ಹಾಡೊಂದನ್ನು ಗುನುಗುತ್ತಿದ್ದಳು. ಕಿಟಕಿಯ ಹೊರಗೆ ಸೆಕೆ. ಅಕ್ಕ ತಟ್ಟೆಯ ಮುಂದೆ ಕೂತಿದ್ದರು, ಪಕ್ಕದಲ್ಲಿ ಕುಡಿಯುವ ನೀರಿನ ಚೊಂಬು.

ನಾನು ನೋಡುತ್ತಿದ್ದಂತೆಯೇ ಅದು ನಡೆಯಿತು. ಅಕ್ಕನ ಬಲಗೈ ಚೊಂಬಿಗೆ ಹೋಯಿತು, ಬೆರಳುಗಳು ಒದ್ದೆಯಾದವು, ತಟ್ಟೆಯ ಮೇಲೆ ನೀರು ಚಿಮುಕಿಸಿದವು. ಒಮ್ಮೆಯಲ್ಲ, ಇಡೀ ತಟ್ಟೆಗೆ ಸಮನಾಗಿ ಬೀಳುವ ಹಾಗೆ ಪುನಃ ಪುನಃ. ಕಟ್ಟಿ ಮುಗಿದ ಮಲ್ಲಿಗೆಗೆ, ಎಲೆಯಲ್ಲಿ ಸುತ್ತುವ ಮೊದಲು, ಹುಟ್ಟಿನಿಂದ ಮಾಡಿದ ಹಾಗೆ. ಅವರ ಮುಖದಲ್ಲಿ ಕೆಲಸ ಮುಗಿದ ನೆಮ್ಮದಿ ಇತ್ತು. ಬೇರೆ ಏನೂ ಇರಲಿಲ್ಲ.

"ಅಕ್ಕಾ!" ಎಂದು ನಾನು ಕೂಗಿದೆ.

ಅವರು ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ಸೆರಗಿನ ತುದಿಯಿಂದ ಒಂದು ಹುಳುವನ್ನು ಒರೆಸಲು ಹೋದರು. ತುಪ್ಪಳ ಸೆರಗಿಗೆ ಅಂಟಿಕೊಂಡು ಬಂತು. ಕೊಕ್ಕೆಯಲ್ಲಿ ಉಳಿದದ್ದು ವಾರ್ನಿಷ್ ಹಾಕಿದ ತಲೆ ಮಾತ್ರ.

ಬಾಯಮ್ಮ ಡಬ್ಬಿಯೊಂದಿಗೆ ಬಂದು ನಿಂತರು. ಅವರು ಕೂಗಿದ್ದು ಕೊಂಕಣಿಯಲ್ಲಿ. ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ಗದಗದವಳು, "ಬೈಬ್ಯಾಡ್ರಿ ಬಾಯಮ್ಮಾ, ಒಣಗಿದ್ರ ಸರಿ ಹೋಗ್ತಾವ" ಎಂದಳು. ನಾನು ಆರಿ ದಾರದ ಎರಡು ತುಂಡು ತೆಗೆದು ಒಂದನ್ನು ಮಾತ್ರ ಚೊಂಬಿನಲ್ಲಿ ಅದ್ದಿದೆ. ಒಣ ದಾರವನ್ನು ಎಳೆದು ತುಂಡು ಮಾಡಲು ಬೆರಳು ನೋಯಿತು. ಒದ್ದೆಯಾದದ್ದು ಎಳೆದ ಕೂಡಲೇ ಹೋಯಿತು.

"ಬಾಯಮ್ಮ," ಎಂದೆ. "ಇದು ಸ್ಕಾಟ್ಲೆಂಡಿಗೆ ಹೋಗಿದ್ದರೂ ಇದೇ ಆಗ್ತಿತ್ತು. ಅಲ್ಲಿ ಹೊಳೆಯಲ್ಲಿ ಆಗ್ತಿತ್ತು."

ಅವರು ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅದರ ಮುಚ್ಚಳವನ್ನು ಸುಮ್ಮನೆ ತೆಗೆದು ಹಾಕಿ ಮಾಡುತ್ತಾ ನಿಂತರು. ತಿಂಗಳು ಮುಗಿಯುತ್ತಾ ಬಂದಿತ್ತು. ದಾರ ಇಲ್ಲ, ಹುಳು ಇಲ್ಲ. ಅಕ್ಕ ಚಪ್ಪಲಿ ಹಾಕಿಕೊಂಡು ಯಾರಿಗೂ ಹೇಳದೆ ಹೊರಟುಹೋದರು.

ಆ ಸಂಜೆ ಅಣ್ಣ ಫೋನ್ ಮಾಡಿದಾಗ ನಾನು ಮೊದಲ ಸಲ "ನೋಡುವ" ಎಂದೆ. ಅವನಿಗೆ ಅಷ್ಟು ಸಾಕಾಯಿತು. ಮುಂದಿನ ತಿಂಗಳ ಕೊನೆಗೆ ರೈಲಿನ ಟಿಕೆಟ್ ಮಾಡಿಸಿ, ಅದರ ಚಿತ್ರವನ್ನು ನನ್ನ ಫೋನಿಗೆ ಕಳಿಸಿದ. ಕೆಳಗಿನ ಬರ್ತ್. ಅವನಿಗೆ ನನ್ನ ಮೊಣಕಾಲಿನ ನೋವು ನೆನಪಿತ್ತು.

ಭಾನುವಾರ ನಾನು ಕೋಣೆಯಲ್ಲಿ ಬಟ್ಟೆ ಜೋಡಿಸಲು ಶುರುಮಾಡಿ, ಮಾಡಿದ್ದು ಬೇರೆಯೇ. ಕೈಗೆ ಸಿಕ್ಕಿದ್ದರ ದಾರವನ್ನೆಲ್ಲ ಕಿತ್ತು ನೋಡಿದೆ. ಕೊಡೆಯ ಹೊಲಿಗೆ, ಅಕ್ಕಿಯ ಚೀಲದ ಬಾಯಿ, ದಿಂಬಿನ ಅಂಚು, ಚೀಲದ ಹಿಡಿಕೆ. ಸಿಕ್ಕಿದ ಪ್ರತಿ ದಾರವನ್ನು ಬಿಚ್ಚಿ, ಸೂಜಿ ಹಾಕಿ, ನೀರಿನ ಲೋಟದಲ್ಲಿ ಅದ್ದಿ, ಎಳೆದೆ. ಕೆಲವು ಸೀಳಲಿಲ್ಲ, ಕೆಲವು ಸೀಳಿ ಕಳಚಿದವು. ನೆಲವೆಲ್ಲ ದಾರದ ಚೂರು. ಯಾರಾದರೂ ಬಾಗಿಲು ತಟ್ಟಿದ್ದರೆ ನನಗೆ ತಲೆ ಕೆಟ್ಟಿದೆ ಎಂದೇ ಭಾವಿಸುತ್ತಿದ್ದರು. ಪೆಟ್ಟಿಗೆಯ ಅಡಿಯಲ್ಲಿ ಒಂದು ರೇಷ್ಮೆ ರವಿಕೆ ಇತ್ತು. ಅಣ್ಣನ ಮಗಳ ಮದುವೆಗೆಂದು ಕಾರ್ಕಳದಲ್ಲಿ ಬೆನ್ನಿಗೆ ಕಂಪ್ಯೂಟರ್ ಕಸೂತಿ ಹಾಕಿಸಿದ್ದು. ನನ್ನಲ್ಲಿರುವ ಒಳ್ಳೆಯ ಬಟ್ಟೆ ಅದೊಂದೇ. ಅದನ್ನು ಒಳಮುಖ ಮಾಡಿದೆ.

ಮೇಲೆ ಹಸಿರು, ಕೆಂಪು, ಚಿನ್ನದ ಬಣ್ಣ. ಒಳಗೆ ಎಲ್ಲ ಕಡೆ ಒಂದೇ ಬಿಳಿ ದಾರ, ಕೂದಲಿನಷ್ಟು ಸಪೂರ, ಚಪ್ಪಟೆಯಾಗಿ ಮಲಗಿತ್ತು. ಯಂತ್ರದ ಅಡಿಯ ಬಾಬಿನ್ನಿನಿಂದ ಬರುವ ದಾರ. ಕತ್ತರಿ ಹಾಕಿದೆ. ಸೂಜಿ ನಡುವೆ ನೇರವಾಗಿ ಇಳಿಯಿತು. ಲೋಟದಲ್ಲಿ ಅದ್ದಿ ಎಳೆದೆ. ತುಂಡಾಗಲಿಲ್ಲ. ಪುನಃ ಎಳೆದೆ. ನನ್ನ ಬೆರಳಲ್ಲಿ ಗೆರೆ ಬಿತ್ತು. ಆಮೇಲೂ ನನಗೆ ನಂಬಿಕೆ ಬರಲಿಲ್ಲ. ರವಿಕೆಯ ಬೆನ್ನು ಪೂರ್ತಿ ಬಿಚ್ಚಿಹೋಗುವ ತನಕ ಎಳೆಯುತ್ತಾ ಇದ್ದೆ.

ಸೋಮವಾರ ಬೆಳಿಗ್ಗೆ ಹಿರಿಯಡ್ಕದ ಮೂಲಕ ಕಾರ್ಕಳಕ್ಕೆ ಬಸ್ಸು ಹಿಡಿದೆ. ಕಸೂತಿ ಅಂಗಡಿಯ ಹೆಂಗಸು ರವಿಕೆಯ ಅವಸ್ಥೆ ನೋಡಿ ಎದ್ದುನಿಂತರು.

"ಅಯ್ಯೋ, ಬಿಚ್ಚಿಹೋಯಿತಾ? ನಮ್ಮ ಕೆಲಸ ಹಾಗೆ ಬಿಚ್ಚುವುದಿಲ್ಲ ಮೇಡಂ!"

"ಬಿಚ್ಚಲಿಲ್ಲ. ನಾನೇ ಬಿಚ್ಚಿದ್ದು."

"ಯಾಕೆ? ಡಿಸೈನ್ ಮನಸ್ಸಿಗೆ ಬರಲಿಲ್ವಾ?"

"ಡಿಸೈನ್ ಚಂದ ಉಂಟು. ನನಗೆ ಅಡಿಯ ದಾರ ಬೇಕು."

ಅವರು ನನ್ನನ್ನೊಮ್ಮೆ, ರವಿಕೆಯನ್ನೊಮ್ಮೆ ನೋಡಿದರು. "ಅಡಿಯ ದಾರವನ್ನು ಇವತ್ತಿನವರೆಗೆ ಒಬ್ಬರೂ ಕೇಳಿದ್ದಿಲ್ಲ. ಅದು ಯಾರಿಗೂ ಕಾಣುವುದೇ ಇಲ್ಲವಲ್ಲ." ಬಿಳಿ ಒಂದೇ ಉಂಟು, ಬಣ್ಣದ್ದು ಬರುವುದಿಲ್ಲ ಎಂದರು. ನಾನು ಹುಳುವಿನ ಕಥೆ ಹೇಳಿದೆ. ನಂಬಿದರೋ ಇಲ್ಲವೋ ತಿಳಿಯದು. ದಾರ ಕೊಟ್ಟರು.

ಬೆಳ್ಮಣ್ ಮಾರ್ಗವಾಗಿ ಶಿರ್ವಕ್ಕೆ ತಲುಪಿದಾಗ ಕೋಣೆಯಲ್ಲಿ ಬಾಯಮ್ಮ ಮತ್ತು ಗದಗದವಳು ಕೊಕ್ಕೆಗಳಿಂದ ಹಾಳಾದ ಹುಳುವಿನ ದಾರ ಕತ್ತರಿಸುತ್ತಿದ್ದರು. ಹೊಸ ದಾರದಲ್ಲಿ ಒಂದು ಹುಳು ಕಟ್ಟಿ, ನೀರಿಗೆ ಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆವು. ಮೈ ಒದ್ದೆಯಾಗಿ ಸಪೂರವಾಯಿತು, ಕಳಚಲಿಲ್ಲ. ಬಾಯಮ್ಮ ಕ್ಯಾಲೆಂಡರ್ ನೋಡಿದರು. "ಮೂವರಿಂದ ಆಗುವುದಿಲ್ಲ" ಎಂದರು. ಅಷ್ಟೇ ಹೇಳಿದರು. ಫೋನ್ ಮಾಡಿದರೆ ಅಕ್ಕ ಎತ್ತುತ್ತಿರಲಿಲ್ಲ.

ನಾನು ಕಾಪುವಿಗೆ ಹೋದೆ. ಅಕ್ಕ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಬಯ್ಯಲಿಕ್ಕೆ ಬಂದದ್ದಾ?"

"ಕರೆಯಲಿಕ್ಕೆ ಬಂದದ್ದು."

"ನಾನು ಬಂದು ಎಂತ ಮಾಡುವುದು? ಪುನಃ ನೀರು ಹಾಕ್ತೇನೆ. ಈ ಕೈ ನನ್ನ ಮಾತು ಕೇಳುವುದಿಲ್ಲ ಮಾರಾಯ್ತಿ. ಮನೆಯಲ್ಲಿ ಎಲ್ಲರೂ ನಗ್ತಾರೆ. ಭಾವ ಕೇಳ್ತಾರೆ, ಹುಳಕ್ಕೆ ನೀರು ಹಾಕಿದರೆ ಅರಳ್ತದಾ ಅಂತ."

"ಹಾಕಿ ಅಕ್ಕ. ನೀರು ಹಾಕದೆ ಇನ್ನು ಒಂದು ಹುಳುವೂ ಹೊರಗೆ ಹೋಗುವುದಿಲ್ಲ. ಬಾಯಮ್ಮನೇ ಬಟ್ಟಲು ಹೊರಗಿಟ್ಟಿದ್ದಾರೆ."

ಅವರು ಕೈಯಲ್ಲಿದ್ದ ಹೂವನ್ನು ಕಟ್ಟಿ ಮುಗಿಸಿದರು. ಆಮೇಲೆ ನನ್ನ ಮುಖ ನೋಡಿ, "ನಿನಗೆ ಎಂತ ಆಗಿದೆ? ಬಾಡಿ ಹೋಗಿದ್ದಿ" ಎಂದರು. ಟಿಕೆಟಿನ ವಿಷಯ ಹೇಳಿದೆ. ಅವರು ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದರು.

ಮಾದರಿಯನ್ನು ತಿಂಗಳ ಕೊನೆಗೆ ಕಳಿಸಿದೆವು. ಕೂರಿಯರ್‌ನವನು ಡಬ್ಬಿ ಅಲ್ಲಾಡಿಸಿ, ಒಳಗೆ ಏನೂ ಇಲ್ಲವಲ್ಲ ಎಂದ. ಆಮೇಲೆ ಕಾಯುವುದು. ಮಳೆ ಬಂತು. ಕಟ್ಟಲು ಕೆಲಸವಿಲ್ಲದೆ ಕೋಣೆಗೆ ಬೀಗ ಹಾಕಿ, ಉತ್ತರ ಬಂದರೆ ತಿಳಿಸುತ್ತೇನೆ ಎಂದು ಬಾಯಮ್ಮ ನಮ್ಮನ್ನು ಕಳಿಸಿದರು. ಗದಗದವಳು ಪರ್ಕಳದಲ್ಲಿ ಎರಡು ಮನೆಗಳ ಪಾತ್ರೆ ಕೆಲಸ ಹಿಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, "ಏನರ ಸುದ್ದಿ ಐತೇನ್ರಿ ಪೇಪರ್ ಅಕ್ಕಾರ?" ಎಂದು ಕೇಳಿದಳು. ಇಲ್ಲ ಎಂದೆ. ಸುದ್ದಿ ಇಲ್ಲ ಎಂದು ಹೇಳುವುದು ಇಷ್ಟು ಕಷ್ಟವೆಂದು ಪತ್ರಿಕೆಯಲ್ಲಿದ್ದಾಗ ಗೊತ್ತಿರಲಿಲ್ಲ.

ನಾನು ಪಾತ್ರೆ, ಸ್ಟವ್ ಪಕ್ಕದ ಹುಡುಗಿಗೆ ಕೊಟ್ಟೆ. ಪುಸ್ತಕಗಳನ್ನು ಗೋಣಿಯಲ್ಲಿ ಕಟ್ಟಿದೆ. ಊಟಕ್ಕೆ ಹೊರಗೆ ಹೋಗಬೇಕಾಗಿ, ಖರ್ಚಿಗೆ ಹೆದರಿ ಒಂದು ಹೊತ್ತಿನ ಊಟ ಬಿಟ್ಟೆ. ಗೋಡೆಯಲ್ಲಿ ಮೊಳೆಗಳು ಮಾತ್ರ ಉಳಿದಿದ್ದವು. ಅವನ್ನೂ ಕೀಳಬೇಕೇ ಎಂದು ಮನೆಯ ಯಜಮಾನಿಯನ್ನು ಕೇಳಿ ಬಂದೆ. ಬೇಡ, ಮುಂದೆ ಬರುವವರಿಗೆ ಆಗುತ್ತದೆ ಎಂದರು.

ರೈಲು ಹೊರಡುವುದಕ್ಕೆ ಹಿಂದಿನ ದಿನ ಮಧ್ಯಾಹ್ನ ಬಾಯಮ್ಮನ ಫೋನ್ ಬಂತು. ಅವರಿಗೆ ಸಂದೇಶ ಬಂದಿತ್ತು. ಓದಲು ಧೈರ್ಯ ಸಾಲದೆ ಹಾಗೆಯೇ ನನಗೆ ಕಳಿಸಿದ್ದರು. ನಿಂತುಕೊಂಡೇ ಓದಿದೆ. ದಾರ ನೀರಿನಲ್ಲಿ ನಿಂತಿದೆ. ಮೈಯ ಬಣ್ಣ ಬೇಕಾದ್ದಕ್ಕಿಂತ ಬಿಳಿಚಿದೆ, ಆದ್ದರಿಂದ ಎಲ್ಲ ಬಗೆಯ ಹುಳುಗಳನ್ನೂ ತೆಗೆದುಕೊಳ್ಳಲಾಗದು. ತಿಳಿ ಬಣ್ಣದವನ್ನು ಮಾತ್ರ ಅಕ್ಟೋಬರ್ ತನಕ ಕಟ್ಟಿ ಕಳಿಸಿ, ಮುಂದಿನದ್ದು ಆಮೇಲೆ. ಬಾಯಮ್ಮನಿಗೆ ಫೋನ್ ಮಾಡಿ ಇಷ್ಟನ್ನೇ, ಇದೇ ಕ್ರಮದಲ್ಲಿ ಹೇಳಿದೆ.

"ಅಂದರೆ ಉಂಟಾ, ಇಲ್ಲವಾ?" ಎಂದು ಅವರು ಕೇಳಿದರು.

"ಅಕ್ಟೋಬರ್ ತನಕ ಉಂಟು."

"ನಾಲ್ವರಿಗೂ?"

"ಹಂಚಿಕೊಂಡರೆ ನಾಲ್ವರಿಗೂ. ಕಮ್ಮಿ ಕಮ್ಮಿ."

"ಹಾಗಾದರೆ ನಾಳೆ ಬಾ."

ಅಣ್ಣನಿಗೆ ಫೋನ್ ಮಾಡಿದೆ. ಟಿಕೆಟ್ ರದ್ದು ಮಾಡು ಎಂದೆ. "ಅತ್ತಿಗೆ ನಿನಗಾಗಿ ಕಪಾಟು ಖಾಲಿ ಮಾಡಿದ್ದಾಳೆ" ಎಂದ.

"ಅವಳ ಬಟ್ಟೆ ಪುನಃ ಇಟ್ಟುಕೊಳ್ಳಲಿ."

"ಅಕ್ಟೋಬರ್‌ನಲ್ಲಿ ಮತ್ತೆ ಖಾಲಿ ಮಾಡಿಸಬೇಕಾ? ಅದನ್ನಾದರೂ ಹೇಳು ಮಾರಾಯ್ತಿ."

"ನನಗೆ ಗೊತ್ತಿಲ್ಲ ಅಣ್ಣ" ಎಂದೆ. ಅದು ನಿಜವಾಗಿತ್ತು. ಫೋನ್ ಇಟ್ಟು, ಪಕ್ಕದ ಹುಡುಗಿಯ ಬಾಗಿಲು ತಟ್ಟಿ, ಅಕ್ಟೋಬರ್ ತನಕ ನನ್ನ ಸ್ಟವ್ ಹಿಂದೆ ಕೊಡಬಹುದೇ ಎಂದು ಕೇಳಿದೆ.